ಹಾಳೆ ಹಪ್ಪಳವಾದರೆ, ಪದರ ಬಿಟ್ಟರೆ: ಪಿಪಿ ಬಟ್ಟೆಯ ಕಾಂಪೋಸಿಟ್‌ಗೆ ದೋಷ ನಿವಾರಣೆ ಕೈಪಿಡಿ

ಪ್ರೆಸ್‌ನಿಂದ ಹಾಳೆ ಹೊರಗೆ ಬಂತು. ನೋಡೋಕೆ ಚೆನ್ನಾಗೇ ಇದೆ. ಮೂಲೆಗೆ ಉಗುರು ಕೊಟ್ಟರೆ ಮಾತ್ರ ಮೇಲಿನ ಪದರ ಬಾಳೆಪಟ್ಟೆ ಸುಲಿದ ಹಾಗೆ ಎದ್ದು ಬರುತ್ತದೆ. ಸರಿ, ಹತ್ತು ಡಿಗ್ರಿ ಏರಿಸಿ ಮತ್ತೆ ಒತ್ತಿದಿರಿ. ಈಗ ಪದರ ಬಿಡುವುದಿಲ್ಲ. ಆದರೆ ಸುತ್ತಿಗೆಯಲ್ಲಿ ಒಂದೇಟು ಹಾಕಿದರೆ ಬಕೆಟ್ಟಿನ ಚೂರಿನ ಹಾಗೆ ಒಡೆಯುತ್ತದೆ. ಈ ಎರಡರ ನಡುವೆ ಓಡಾಡಿ ಬೇಸತ್ತವರಿಗೆ ಈ ಬರಹ. ನಮ್ಮ ಲ್ಯಾಬಿನಲ್ಲಿ 25 ಟನ್ನಿನ ಒಂದು ಹಾಟ್ ಪ್ರೆಸ್ ಇದೆ. ಇಲ್ಲಿ ಬರೆದಿರುವ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿದ್ದೇನೆ.

ಸೆಲ್ಫ್ ರೀಇನ್‌ಫೋರ್ಸ್ಡ್ ಪ್ಲಾಸ್ಟಿಕ್ ಅಂತ ಈ ಹಾಳೆಗೆ ಹೆಸರು, ಅಂದರೆ ನಾರೂ ಅದೇ, ಅಂಟೂ ಅದೇ. ಗಾಜಿನ ನಾರಿಗೆ ರೆಸಿನ್ ಸುರಿಯುವ ಕೆಲಸವಲ್ಲ ಇದು. ಪಾಲಿಪ್ರೊಪಿಲೀನನ್ನು, ಅಂದರೆ ಪಿಪಿಯನ್ನು, ಪಟ್ಟಿ ಮಾಡಿ ಚೆನ್ನಾಗಿ ಎಳೆದರೆ ಅದರ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಪಟ್ಟಿ ಹಲವು ಪಟ್ಟು ಗಟ್ಟಿಯಾಗುತ್ತದೆ. ಅಂಥ ಪಟ್ಟಿಗಳಿಂದ ನೇಯ್ದ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಬಿಸಿಯಲ್ಲಿ ಒತ್ತಿದರೆ ಹಾಳೆ. ಒಂದೇ ಪಾಲಿಮರಿನಿಂದ ಕಾಂಪೋಸಿಟ್, ಅಂದರೆ ನಾರೂ ಅಂಟೂ ಸೇರಿದ ವಸ್ತು, ಮಾಡಬಹುದು ಅಂತ ಕಪಿಯಾಟಿ ಮತ್ತು ಪೋರ್ಟರ್ 1975ರಲ್ಲೇ ಪಾಲಿಎಥಿಲೀನಿನಲ್ಲಿ ತೋರಿಸಿದ್ದರು. ಬಟ್ಟೆಯನ್ನೇ ಬಿಸಿ ಮಾಡಿ ಒತ್ತುವ ದಾರಿಯನ್ನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಯಾನ್ ವಾರ್ಡ್ ಮತ್ತು ಪೀಟರ್ ಹೈನ್ ಬೆಳೆಸಿದರು. ಅದರಿಂದ ಬಂದದ್ದು ಕರ್ವ್ ಅನ್ನುವ ಹಾಳೆ. 2008ರಲ್ಲಿ ಬಂದ ಸ್ಯಾಮ್ಸೊನೈಟ್‌ನ ಕಾಸ್ಮೊಲೈಟ್ ಸೂಟ್‌ಕೇಸಿನ ಚಿಪ್ಪು ಅದರದ್ದೇ.

ಇರುವ ಕಷ್ಟ ಒಂದೇ. ನಾರೂ ಅಂಟೂ ಒಂದೇ ಆದಾಗ ಕರಗುವ ಉಷ್ಣತೆಯೂ ಹತ್ತಿರ ಹತ್ತಿರ. ಪಟ್ಟಿಯ ಮೈ ಮಾತ್ರ ಕರಗಬೇಕು, ಹೊಟ್ಟೆ ಹಾಗೇ ಉಳಿಯಬೇಕು. ಬರೀ ಬಟ್ಟೆಯನ್ನೇ ಒತ್ತುವುದಾದರೆ ಆ ಎರಡರ ನಡುವಿನ ಉಷ್ಣತೆಯ ಕಿಟಕಿ ಕೆಲವೇ ಡಿಗ್ರಿ. ಅದಕ್ಕೇ ನಾವು ಬಟ್ಟೆಯ ನಡುನಡುವೆ ರ‍್ಯಾಂಡಮ್ ಕೋಪಾಲಿಮರ್ ಪಿಪಿಯ, ಅಂದರೆ ಬೇಗ ಕರಗುವ ಬೆರಕೆ ಪಿಪಿಯ, ತೆಳು ಫಿಲ್ಮ್ ಇಡುತ್ತೇವೆ. ಅದು 145–150 ಡಿಗ್ರಿಗೇ ಕರಗುತ್ತದೆ. ಬಟ್ಟೆಯ ಹೋಮೋಪಾಲಿಮರ್, ಅಂದರೆ ಬೆರಕೆಯಿಲ್ಲದ ಪಿಪಿ, ಕರಗೋಕೆ 160 ದಾಟಬೇಕು. ಹಾಗಾಗಿ ಕಿಟಕಿ ಸ್ವಲ್ಪ ಅಗಲವಾಗುತ್ತದೆ. ಕೆಳಗಿನ ಅಂಕಿಗಳೆಲ್ಲ ಈ ವಿಧಾನದ್ದು.

ನಾಬ್ ಮುಟ್ಟುವ ಮೊದಲು

ಹಾಳೆ ಕೆಟ್ಟರೆ ಕೈ ಮೊದಲು ಹೋಗುವುದು ಉಷ್ಣತೆಯ ನಾಬಿಗೆ. ತಡೆಯಿರಿ. ಕಡಿಮೆ ಬೆಂದಿದೆಯೋ, ಜಾಸ್ತಿ ಬೆಂದಿದೆಯೋ ಅಂತ ಹಾಳೆಯೇ ಹೇಳುತ್ತದೆ.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಒಳಗೆ ಗಾಳಿ ಇದೆ, ಬೆಂದಿಲ್ಲ. ಚೆನ್ನಾಗಿ ಬೆಂದದ್ದು ಎಣ್ಣೆ ಕಾಗದದ ಹಾಗೆ ಮಬ್ಬಾಗಿ ಬೆಳಕು ಬಿಡುತ್ತದೆ, ನೇಯ್ಗೆಯ ಚೌಕಗಳು ಇನ್ನೂ ಕಾಣುತ್ತವೆ. ಆ ಚೌಕಗಳೇ ಕಲಸಿಹೋಗಿ ಮೈಯೆಲ್ಲ ಒಂದೇ ಸಮ ಆಗಿದ್ದರೆ ಸೀದಿದೆ.

ಆಮೇಲೆ ಅಂಚು ಕತ್ತರಿಸಿ, ಅಲ್ಲಿ ಸ್ಟ್ಯಾಂಪ್ ಪ್ಯಾಡಿನ ಕೆಂಪು ಇಂಕು ಉಜ್ಜಿ. ಎರಡು ನಿಮಿಷ ಬಿಟ್ಟು ಒರೆಸಿ. ಪದರಗಳ ನಡುವೆ ಕೆಂಪು ಗೆರೆ ಒಳಗೆ ಓಡಿದ್ದರೆ ಅಲ್ಲಿ ಬೆಸುಗೆ ಇಲ್ಲ. ಎಷ್ಟನೇ ಪದರದಲ್ಲಿ ಗೆರೆ ಇದೆ ಅಂತ ಎಣಿಸಿ, ಬರೆದಿಡಿ. ಮಧ್ಯದ ಪದರಗಳಲ್ಲಿ ಮಾತ್ರ ಇದ್ದರೆ ಬಿಸಿ ಒಳಗೆ ಮುಟ್ಟಿಲ್ಲ. ಎಲ್ಲ ಕಡೆ ಇದ್ದರೆ ಒತ್ತಡವನ್ನೋ ಫಿಲ್ಮನ್ನೋ ಅನುಮಾನಿಸಿ. ಈ ಇಂಕಿನ ಪರೀಕ್ಷೆಗೆ ಖರ್ಚು ಐದು ರೂಪಾಯಿಯೂ ಇಲ್ಲ, ಆದರೆ ನಮ್ಮಲ್ಲಿ ಇದಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಉಪಕರಣ ಇನ್ನೊಂದಿಲ್ಲ.

ಸೀದಿರುವ ಅನುಮಾನ ಬಂದರೆ ಓವನ್ ಪರೀಕ್ಷೆ. ಹಾಳೆಯಿಂದ 100 ಮಿಮೀ ಉದ್ದದ ಸಣ್ಣ ಪಟ್ಟಿ ಕತ್ತರಿಸಿ, ಒತ್ತದ ಬಟ್ಟೆಯ ಅಷ್ಟೇ ಉದ್ದದ ತುಂಡಿನ ಜೊತೆ 150 ಡಿಗ್ರಿ ಓವನ್ನಿನಲ್ಲಿ ತೂಗುಹಾಕಿ. ಎಳೆದ ಪಟ್ಟಿ ಬಿಸಿಗೆ ಕುಗ್ಗುತ್ತದೆ, ರಬ್ಬರಿನ ಹಾಗೆ ಹಳೇ ಉದ್ದಕ್ಕೆ ಮರಳೋಕೆ ನೋಡುತ್ತದೆ. ಬಟ್ಟೆ ಚೆನ್ನಾಗಿ ಕುಗ್ಗಿ, ನಿಮ್ಮ ಹಾಳೆಯ ತುಂಡು ಸುಮ್ನೆ ನಿಂತಿದ್ದರೆ, ಅದರಲ್ಲಿ ಎಳೆತ ಉಳಿದಿಲ್ಲ. ಪ್ರೆಸ್‌ನಲ್ಲೇ ಕರಗಿಹೋಗಿದೆ.

ಪದರ ಬಿಡುತ್ತಿದೆ

ಇದೇ ದೊಡ್ಡ ದೂರು, ಕಾರಣಗಳೂ ಜಾಸ್ತಿ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ತಿಂಗಳು ಹಾಳೆಗಳೆಲ್ಲ ಪದರ ಬಿಡುತ್ತಿದ್ದವು. ಮೀಟರಿನಲ್ಲಿ 160 ಡಿಗ್ರಿ. ಪ್ರೆಸ್ ನೋಡಿಕೊಳ್ಳುವ ಅಣ್ಣನಿಗೆ ಮೀಟರಿನ ಮೇಲೆ ಅಪಾರ ನಂಬಿಕೆ.

"ಮೀಟರ್ ಸರಿಯಾಗೇ ಇದೆ ಸಾರ್. ಹೋದ ತಿಂಗಳು ತಾನೇ ಕ್ಯಾಲಿಬ್ರೇಶನ್ ಆಗಿದೆ. ಸ್ಟಿಕ್ಕರ್ ನೋಡಿ."

"ಮೀಟರ್ ಸರಿ ಇದೆ ಅಣ್ಣಾ. ಆದರೆ ಅದು ಯಾರ ಬಿಸಿ ಹೇಳ್ತಾ ಇದೆ?"

ಉಷ್ಣತೆ ಅಳೆಯುವ ಕೆ ಟೈಪ್ ಥರ್ಮೊಕಪಲ್‌ನ ತೆಳು ತಂತಿಯನ್ನು ಮಧ್ಯದ ಪದರದೊಳಗೆ ತೂರಿಸಿ ಒತ್ತಿದೆವು. ಮೀಟರ್ 160ಕ್ಕೆ ಬಂದು ನಿಂತಾಗ ಬಟ್ಟೆಯ ನಡುವೆ 143. ಫಿಲ್ಮ್ ಕರಗುವುದಕ್ಕೂ ಸಾಲದು! ಮೀಟರಿನ ಸೆನ್ಸರ್ ಇರುವುದು ಹೀಟರ್ ಪಕ್ಕ, ಉಕ್ಕಿನ ಪ್ಲೇಟಿನ ಒಳಗೆ. ಅಲ್ಲಿಂದ ಬಟ್ಟೆಗೆ ಬರುವಷ್ಟರಲ್ಲಿ ಉಕ್ಕಿನ ತಗಡು, ಟೆಫ್ಲಾನ್ ಹಾಳೆ, ಆ ತಿಂಗಳು ಯಾರೋ ಹೊಸದಾಗಿ ಸೇರಿಸಿದ ಸಿಲಿಕೋನ್ ರಬ್ಬರ್ ಪ್ಯಾಡ್, ಎಲ್ಲ ದಾಟಬೇಕು. ಒತ್ತಡ ಸಮ ಹಂಚಲಿ ಅಂತ ಹಾಕಿದ್ದ ಪ್ಯಾಡ್ ಅದು. ಒಳ್ಳೇ ಉದ್ದೇಶವೇ. ಆದರೆ ರಬ್ಬರ್ ಬಿಸಿ ಬಿಡುವುದರಲ್ಲಿ ಭಾರಿ ಜಿಪುಣ.

ಅಲ್ಲಿಂದ ನಮ್ಮ ರೂಢಿ ಹೀಗಿದೆ. ಹೊಸ ದಪ್ಪ, ಹೊಸ ಪ್ಯಾಡ್, ಹೊಸ ತಗಡು ಯಾವುದು ಬಂದರೂ ಮೊದಲ ಹಾಳೆಯನ್ನು ಥರ್ಮೊಕಪಲ್ ಇಟ್ಟೇ ಒತ್ತುತ್ತೇವೆ. ಆ ಹಾಳೆ ಬಲಿ. ಒಳಗಿನ ಅಂಕಿ 155 ಮುಟ್ಟಿದ ಮೇಲೆ ಗಡಿಯಾರ ಶುರು, ಅದಕ್ಕೂ ಮೊದಲಲ್ಲ. 3 ಮಿಮೀ ಹಾಳೆ ಎರಡೂ ಕಡೆ ಪ್ಲೇಟಿಗೆ ಚೆನ್ನಾಗಿ ಅಂಟಿ ಕೂತರೆ ನಡುವಿಗೆ ಬಿಸಿ ಮುಟ್ಟೋಕೆ ಒಂದೆರಡು ನಿಮಿಷ ಸಾಕು. ಹತ್ತು ನಿಮಿಷ ಕಾದರೂ ನಡು ಏರಲಿಲ್ಲ ಅಂದರೆ ದಾರಿಯಲ್ಲಿ ಏನೋ ಅಡ್ಡ ಇದೆ ಅಂತಲೇ ಅರ್ಥ.

ಥರ್ಮೊಕಪಲನ್ನು ನಡುವೆ ಒಂದು, ಮೂಲೆಯಲ್ಲಿ ಒಂದು ಇಡುವುದು ಇನ್ನೂ ಒಳ್ಳೆಯದು. ಹಳೇ ಕಾವಲಿಯಲ್ಲಿ ದೋಸೆ ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಯುತ್ತದಲ್ಲ, ಪ್ರೆಸ್ ಪ್ಲೇಟೂ ಅಷ್ಟೇ. ನಮ್ಮದರಲ್ಲಿ ನಡುವಿಗೂ ಮೂಲೆಗೂ ಎಂಟು ಡಿಗ್ರಿ ವ್ಯತ್ಯಾಸ. ಫಿಲ್ಮ್ ಇಟ್ಟು ಒತ್ತುವಾಗ ಅದನ್ನು ಹೇಗೋ ತಡೆದುಕೊಳ್ಳಬಹುದು. ಬರೀ ಬಟ್ಟೆ ಒತ್ತುವವರಿಗೆ ಎಂಟು ಡಿಗ್ರಿ ಅಂದರೆ ಇಡೀ ಕಿಟಕಿಯೇ ಹೋಯಿತು. ಅಂಥವರು ಪ್ಲೇಟಿಗಿಂತ ಚಿಕ್ಕ ಹಾಳೆ ಮಾಡಿ, ನಡುಭಾಗ ಮಾತ್ರ ಬಳಸುವುದು ವಾಸಿ.

ಎರಡನೇ ಕಾರಣ ಒತ್ತಡದ ಲೆಕ್ಕ. ಇದರಲ್ಲಿ ಪಿಎಚ್‌ಡಿ ಮಾಡಿದವರೂ ಜಾರುತ್ತಾರೆ. 150 ಮಿಮೀ ಚೌಕದ ಹಾಳೆ ಚೆನ್ನಾಗಿ ಬಂತು, ಗೇಜ್ 7 ಟನ್ ತೋರಿಸುತ್ತಿತ್ತು. ಖುಷಿಯಲ್ಲಿ 300 ಮಿಮೀ ಚೌಕ ಒತ್ತಿದಿರಿ, ಅದೇ 7 ಟನ್. ಪದರ ಬಿಟ್ಟಿತು. ಯಾಕೆ? ಮೊದಲನೆಯದರಲ್ಲಿ ಬಟ್ಟೆಯ ಮೇಲೆ ಬಿದ್ದದ್ದು ಸುಮಾರು 3 ಮೆಗಾಪ್ಯಾಸ್ಕಲ್. ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಒತ್ತಡ ಕಾಲುಭಾಗ. ಅದೇ 3 ಬೇಕಾದರೆ ಹತ್ತಿರ ಹತ್ತಿರ 28 ಟನ್ ಬೇಕು. ನಮ್ಮ ಪ್ರೆಸ್‌ಗೆ ಅದು ಆಗದ ಮಾತು. ಗೇಜಿನ ಪಕ್ಕ ಟನ್ನಿನ ಬದಲು ಹಾಳೆಯ ಅಳತೆವಾರು ಪಟ್ಟಿ ಬರೆದು ಅಂಟಿಸಿ.

ಒತ್ತಡದ ಇನ್ನೊಂದು ಕಳ್ಳತನ, ಸೀಲ್ ಸೋರುವುದು. ಕೈಪಂಪಿನ ಪ್ರೆಸ್‌ಗಳಲ್ಲಿ ಇದು ಜಾಸ್ತಿ. ಬಟ್ಟೆ ಮೆತ್ತಗಾಗುತ್ತಾ ದಪ್ಪ ಇಳಿಯುತ್ತದೆ, ಆಗ ಮುಳ್ಳು ಸ್ವಲ್ಪ ಬೀಳುವುದು ಸಹಜ. ಒಂದೆರಡು ಸಲ ಪಂಪ್ ಹೊಡೆದ ಮೇಲೂ ಬೀಳುತ್ತಲೇ ಇದ್ದರೆ ಸೀಲ್ ಬದಲಿಸಿ.

ಮೂರನೆಯದು ಬಟ್ಟೆಯದೇ ದೋಷ. ಚೀಲ ನೇಯುವ ಕಾರ್ಖಾನೆಯಿಂದ ಪಿಪಿ ಬಟ್ಟೆ ಅಗ್ಗವಾಗಿ ಸಿಗುತ್ತದೆ, ಕಾಲೇಜಿನವರು ಅದನ್ನೇ ತರುತ್ತಾರೆ. ನಾವೂ ತಂದೆವು. ಒಂದು ಸುರುಳಿಯ ಹಾಳೆಗಳು ಏನು ಮಾಡಿದರೂ ಒಂದು ಬಿಟ್ಟು ಒಂದು ಪದರದಲ್ಲಿ ಸುಲಿಯುತ್ತಿದ್ದವು. ಒಂದು ಬಿಟ್ಟು ಒಂದು! ಆ ಲಯವೇ ಸುಳಿವು. ಬಟ್ಟೆಯ ಒಂದು ಮಗ್ಗುಲು ಮಿರಿಮಿರಿ ಹೊಳೆಯುತ್ತಿತ್ತು. ಲ್ಯಾಮಿನೇಶನ್ ಆದ ಬಟ್ಟೆ ಅದು. ಹುಡುಗರು ಹೊಳಪು ಮಗ್ಗುಲನ್ನು ಎದುರುಬದುರು ಇಟ್ಟು ಪೇರಿಸಿದ್ದರು. ಆ ಲೇಪದಲ್ಲಿ ಎಲ್‌ಡಿಪಿಇ, ಅಂದರೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್, ಇದ್ದರೆ ಅದು ಪಿಪಿಗೆ ಸರಿಯಾಗಿ ಬೆಸೆಯುವುದಿಲ್ಲ. ಕರಗಿ ಅಂಟಿದ ಹಾಗೆ ಕಾಣುತ್ತದೆ, ತಣ್ಣಗಾದ ಮೇಲೆ ಬಿಡುತ್ತದೆ. ಕಂಡುಹಿಡಿಯುವುದು ಸುಲಭ. ಹಾಟ್ ಪ್ಲೇಟನ್ನು 130 ಡಿಗ್ರಿಗೆ ಇಟ್ಟು ಬಟ್ಟೆಯ ತುಂಡನ್ನು ಹೊಳಪು ಕೆಳಗಾಗಿ ಒತ್ತಿ. ಎಲ್‌ಡಿಪಿಇ ಕರಗಿ ಅಂಟಂಟಾಗುತ್ತದೆ, ಪಿಪಿ ಕರಗುವುದಿಲ್ಲ. ಲ್ಯಾಮಿನೇಶನ್ ಇಲ್ಲದ ಬಟ್ಟೆ ಅಂತ ಬಾಯಿಬಿಟ್ಟು ಕೇಳಿ ತನ್ನಿ, ಪ್ರಿಂಟ್ ಆದದ್ದೂ ಬೇಡ.

ಗಟ್ಟಿ ಅಂಟಿದೆ, ಆದರೆ ಬಲ ಇಲ್ಲ

ಇದು ಸೀದ ಹಾಳೆ. ಇದಕ್ಕೆ ಜಾಸ್ತಿ ಮಾತು ಬೇಡ. ಉಷ್ಣತೆ ಇಳಿಸಿ, ಸಮಯ ಕಡಿಮೆ ಮಾಡಿ. ಒಂದು ವಿಷಯ ಮಾತ್ರ ನೆನಪಿರಲಿ. ಒತ್ತಿ ಹಿಡಿದ ಪಟ್ಟಿಗೆ ಕುಗ್ಗೋಕೆ ಜಾಗವಿಲ್ಲ, ಹಾಗಾಗಿ ಅದು ಸ್ವಲ್ಪ ಹೆಚ್ಚಿನ ಬಿಸಿಯಲ್ಲೇ ಕರಗುತ್ತದೆ. ಲೀಡ್ಸ್‌ನವರು ಬರೀ ಬಟ್ಟೆಯನ್ನು 190 ಡಿಗ್ರಿಯ ಆಸುಪಾಸಿನಲ್ಲಿ ಒತ್ತಿದ್ದು ಇದೇ ಧೈರ್ಯದಲ್ಲಿ. ಅವರ ಪಟ್ಟಿಯೂ ಚೆನ್ನಾಗಿ ಎಳೆದದ್ದು. ಅದನ್ನು ಓದಿ ಚೀಲದ ಬಟ್ಟೆಯನ್ನು 190ಕ್ಕೆ ಒತ್ತಬೇಡಿ. ಬಿಸಿ ಇರುವಾಗಲೇ ಒತ್ತಡ ಒಂದು ಕ್ಷಣ ತಪ್ಪಿದರೂ ಹಿಡಿತ ಹೋಗಿ ಪಟ್ಟಿಗಳು ಅಲ್ಲೇ ಕುಗ್ಗುತ್ತವೆ, ಕರಗುತ್ತವೆ. ಉಷ್ಣತೆ ಸರಿಯಿದ್ದೂ ಹಾಳೆ ಸೀದ ಹಾಗೆ ಕಂಡರೆ ಆ ದಿನ ಪ್ರೆಸ್ ಯಾರಾದರೂ ನಡುವೆ ತೆರೆದರೇ ಅಂತ ವಿಚಾರಿಸಿ. "ಸುಮ್ನೆ ಒಂದ್ಸಲ ನೋಡಿದೆ ಸಾರ್" ಅನ್ನುವ ಉತ್ತರ ನನಗೆ ಎರಡು ಸಲ ಸಿಕ್ಕಿದೆ.

ಹಾಳೆ ಹಪ್ಪಳವಾಯಿತು

ಪ್ರೆಸ್ ತೆರೆದಾಗ ಚಪ್ಪಟೆ. ಟೇಬಲ್ ಮೇಲೆ ಇಟ್ಟು ಟೀ ಕುಡಿದು ಬರುವಷ್ಟರಲ್ಲಿ ಕೆಂಡಕ್ಕೆ ಹಿಡಿದ ಹಪ್ಪಳದ ಹಾಗೆ ಮೂಲೆ ಎತ್ತಿರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಬೇಗ ತೆರೆದದ್ದೇ ಕಾರಣ. ಪಿಪಿ ತಣ್ಣಗಾಗುತ್ತಾ 110–120 ಡಿಗ್ರಿ ಹತ್ತಿರ ಹರಳುಗಟ್ಟುತ್ತದೆ. ಅದು ಮುಗಿದು ಎಷ್ಟೋ ಹೊತ್ತಿನ ತನಕ ಒತ್ತಡ ಬಿಡಬಾರದು. ನಾವು ಬಟ್ಟೆಯ ಉಷ್ಣತೆ 50ಕ್ಕೆ ಇಳಿಯುವ ತನಕ ಕಾಯುತ್ತೇವೆ. ನೀರು ಹರಿಸಿ ತಣಿಸುವ ಪ್ರೆಸ್ ಆದರೆ ಹದಿನೈದು ನಿಮಿಷದ ಕೆಲಸ. ನೀರಿಲ್ಲದಿದ್ದರೆ ಎರಡು ಗಂಟೆಯೂ ಹಿಡಿಯಬಹುದು. ಅದಕ್ಕೇ ಮಧ್ಯಾಹ್ನ ಒತ್ತಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ತೆರೆಯುವುದು. ಆಗ ಸೀಲ್ ಸೋರಬಾರದು ಅಷ್ಟೇ.

ಅಷ್ಟು ಕಾದರೂ ಬಾಗಿದರೆ ಮೇಲಿನ ಪ್ಲೇಟು ಕೆಳಗಿನದಕ್ಕಿಂತ ಬೇಗ ತಣ್ಣಗಾಗುತ್ತಿದೆಯೇ ನೋಡಿ. ಆಮೇಲೆ ಪೇರಿಸಿದ ಕ್ರಮ ನೋಡಿ. ಬಟ್ಟೆಯ ಉದ್ದಕ್ಕೂ ಅಡ್ಡಕ್ಕೂ ಪಟ್ಟಿಗಳ ಎಣಿಕೆ ಒಂದೇ ಇರಬೇಕೆಂದಿಲ್ಲ. ಮೇಲಿನ ಅರ್ಧ, ಕೆಳಗಿನ ಅರ್ಧ ಒಂದಕ್ಕೊಂದು ಕನ್ನಡಿಯ ಹಾಗಿರಬೇಕು. ಬಟ್ಟೆಯ ಉದ್ದದ ದಿಕ್ಕಿಗೆ ಸ್ಕೆಚ್ ಪೆನ್ನಿನಲ್ಲಿ ಬಾಣ ಹಾಕಿಯೇ ಕತ್ತರಿಸಿ.

ತೂಕ ಸರಿ, ಸಾಂದ್ರತೆ ಸರಿ, ಆದರೂ ಗಾಳಿ ಇದೆ

ಇದು ನನಗೆ ಬಹಳ ದಿನ ಅರ್ಥವಾಗದೆ ಕಾಡಿದ ದೋಷ. ಗಾಳಿ ಎಷ್ಟಿದೆ ಅಂತ ತಿಳಿಯೋಕೆ ಸಾಂದ್ರತೆ ಅಳೆಯುತ್ತೇವೆ. ಪಿಪಿ ನೀರಲ್ಲಿ ತೇಲುತ್ತದೆ, ಹಾಗಾಗಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮುಳುಗಿಸಿ ತೂಗಬೇಕು. ಸಿಕ್ಕಿದ್ದು ಘನ ಸೆಂಟಿಮೀಟರಿಗೆ 0.908 ಗ್ರಾಂ. ಗಾಳಿಯಿಲ್ಲದ ಪಿಪಿಯ ಸಾಂದ್ರತೆ 0.90–0.91. ಸರಿ, ಗಾಳಿಯೇ ಇಲ್ಲ ಅಂತ ಬರೆದುಕೊಂಡೆ. ಆದರೆ ಇಂಕು ಮಾತ್ರ ಒಳಗೆ ಓಡುತ್ತಲೇ ಇತ್ತು.

ಒಂದು ದಿನ ಬೇಸರಕ್ಕೆ ಬಟ್ಟೆಯ ಒಂದು ಎಳೆ ಎಳೆದು ಲೈಟರ್ ಹಚ್ಚಿದೆ. ಶುದ್ಧ ಪಿಪಿ ಉರಿದರೆ ಏನೂ ಉಳಿಯಬಾರದು. ಇದರಲ್ಲಿ ಬೆಳ್ಳಗೆ ಬೂದಿ ನಿಂತಿತು. ಚೀಲದ ಪಟ್ಟಿಗೆ ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸುವುದು ಮಾಮೂಲು. ಅದರ ಸಾಂದ್ರತೆ 2.7. ನೂರು ಗ್ರಾಂನಲ್ಲಿ 5 ಗ್ರಾಂ ಪುಡಿ ಇದ್ದರೆ ಗಾಳಿಯೇ ಇಲ್ಲದ ಹಾಳೆ 0.936 ತೂಗಬೇಕು. ಅದರಲ್ಲಿ ನೂರಕ್ಕೆ 3 ಭಾಗ ಗಾಳಿ ಸೇರಿದರೆ ಬರುವುದು 0.908. ಭಾರದ ಪುಡಿ, ಹಗುರದ ಗಾಳಿ, ಎರಡೂ ಸರಿದೂಗಿ ಲೆಕ್ಕ ಮುಚ್ಚಿಹೋಗಿತ್ತು.

ಬಟ್ಟೆಯ ಒಂದಿಷ್ಟು ಗ್ರಾಂ ತೂಗಿ, ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಗೆ ಸುಟ್ಟು, ಬೂದಿ ತೂಗಿ. ಗಾಳಿಯ ಲೆಕ್ಕ ಹಾಕುವುದು ಅದರ ನಂತರ. ಫರ್ನೇಸ್ ಇಲ್ಲದವರಿಗೆ ಒರಟು ದಾರಿ ದಪ್ಪ ಅಳೆಯುವುದು. 2 ಮಿಮೀ ಹಾಳೆಗೆ ಚದರ ಮೀಟರಿಗೆ ಸುಮಾರು 1,800 ಗ್ರಾಂ ಸಾಮಾನು ಬೇಕು. ಅಷ್ಟೇ ಸಾಮಾನು ಹಾಕಿ ದಪ್ಪ 2.2 ಬಂದರೆ ಆ ಹೆಚ್ಚುವರಿ ದಪ್ಪ ಗಾಳಿಯದ್ದು. ಪುಡಿ ಇದ್ದರೆ ಗಾಳಿ ಇನ್ನೂ ಜಾಸ್ತಿಯೇ ಇರುತ್ತದೆ.

ಹಾಳೆ ಚೆನ್ನಾಗಿದೆ, ಪರೀಕ್ಷೆಯ ಅಂಕಿ ಕೆಟ್ಟಿದೆ

ಇಲ್ಲಿ ನಿಧಾನ. ಎಷ್ಟೋ ಒಳ್ಳೇ ಹಾಳೆಗಳು ಯುಟಿಎಂ, ಅಂದರೆ ತುಂಡನ್ನು ಹಿಡಿದು ಎಳೆದು ನೋಡುವ ಯಂತ್ರದ, ಮೇಲೆ ಸುಳ್ಳು ಆರೋಪ ಹೊತ್ತು ಕಸಕ್ಕೆ ಹೋಗಿವೆ.

ಮಾಡ್ಯುಲಸ್, ಅಂದರೆ ಹಾಳೆ ಎಷ್ಟು ಹಿಗ್ಗದೆ ನಿಲ್ಲುತ್ತದೆ ಅನ್ನುವ ಅಳತೆ, ಮಾಮೂಲಿ ಪಿಪಿಯ ಮಟ್ಟಕ್ಕೇ ಬರುತ್ತಿದೆ ಅಂದರೆ ಮೊದಲು ಕೇಳಬೇಕಾದ್ದು: ಎಕ್ಸ್‌ಟೆನ್ಸೊಮೀಟರ್ ಹಾಕಿದ್ದಿರಾ, ಅಂದರೆ ತುಂಡಿನ ಮೈಮೇಲೇ ಕೂತು ಅದು ಹಿಗ್ಗುವುದನ್ನು ಅಳೆಯುವ ಉಪಕರಣ? ಐಎಸ್‌ಒ 527ರ (ಪ್ಲಾಸ್ಟಿಕ್ ಎಳೆದು ನೋಡುವ ಪರೀಕ್ಷೆಯ ಮಾನದಂಡ) ಪ್ರಕಾರ ಮಾಡ್ಯುಲಸ್ ತೆಗೆಯುವುದು ಶೇ 0.05 ಮತ್ತು ಶೇ 0.25 ಎಳೆತದ ನಡುವೆ. ಹಿಡಿತಗಳ ನಡುವೆ 150 ಮಿಮೀ ಇದ್ದರೆ ಆ ಅಂತರ ಬರೀ 0.3 ಮಿಮೀ. ಅಷ್ಟರೊಳಗೆ ತುಂಡು ಹಿಡಿತದಲ್ಲಿ ಇನ್ನೊಂದು 0.3 ಮಿಮೀ ಜಾರಿದರೆ ಮಾಡ್ಯುಲಸ್ ಅರ್ಧಕ್ಕೆ ಇಳಿಯಿತು. ಪಿಪಿಯ ಮೈ ಜಾರುವ ಮೈ. ಜಾರದೆ ಇರುವುದೇ ಆಶ್ಚರ್ಯ. ಅಂಟಿಸುವ ಸ್ಟ್ರೇನ್ ಗೇಜೂ ಕೈಕೊಡುತ್ತದೆ, ಪಿಪಿಗೆ ಅಂಟು ಹಿಡಿಯುವುದಿಲ್ಲ. ಕ್ಲಿಪ್ ಎಕ್ಸ್‌ಟೆನ್ಸೊಮೀಟರೇ ಗತಿ. ಅದನ್ನು ಹಾಕಿ ತೆಗೆದಾಗ ಒಳ್ಳೇ ವಾಣಿಜ್ಯ ಹಾಳೆಗಳಲ್ಲಿ 4–5 ಗಿಗಾಪ್ಯಾಸ್ಕಲ್ ಬರುತ್ತದೆ. ಚೀಲದ ಬಟ್ಟೆಯಿಂದ ಅಷ್ಟು ಆಸೆ ಪಡಬೇಡಿ.

ಅಂಟು ಹಿಡಿಯದ ಮೇಲೆ ಹಿಡಿತಕ್ಕೆ ಸಿಗುವ ತುದಿಗಳಿಗೆ ಅಲ್ಯೂಮಿನಿಯಂ ಟ್ಯಾಬ್ ಅಂಟಿಸುವ ಆಸೆಯನ್ನೂ ಬಿಡಿ. ಎಪಾಕ್ಸಿಯಲ್ಲಿ ಅಂಟಿಸಿದರೆ ಚಾಕೊಲೇಟ್ ಕಾಗದದ ಹಾಗೆ ಕಳಚಿ ಬೀಳುತ್ತದೆ. ಎಮೆರಿ ಕಾಗದವನ್ನು ಮಡಚಿ, ಒರಟು ಮೈ ಹಾಳೆಯ ಕಡೆ ಮಾಡಿ ಹಿಡಿತದಲ್ಲಿ ಕೊಡಿ. ಹಿಡಿತ ಅತಿಯಾಗಿ ಬಿಗಿದರೆ ಅಲ್ಲೇ ಪದರ ಬಿಡುತ್ತದೆ. ಹಿಡಿತದ ಬಾಯಲ್ಲೇ ತುಂಡಾದ ಫಲಿತಾಂಶವನ್ನು ಎಣಿಸಬೇಡಿ.

ತುಂಡಿನ ಅಗಲವೂ ಮುಖ್ಯ. ಪಟ್ಟಿಯೊಂದರ ಅಗಲವೇ ಎರಡು ಮೂರು ಮಿಮೀ. ನಡು 10 ಮಿಮೀ ಅಗಲ ಇರುವ ಡಂಬೆಲ್ ಆಕಾರದ ತುಂಡು ಕತ್ತರಿಸಿದರೆ ಎರಡು ಅಂಚಿನ ಪಟ್ಟಿಗಳು ಸೀಳಿ, ಒಳಗೆ ಪೂರ್ತಿ ಉಳಿಯುವುದು ಎರಡೋ ಮೂರೋ. ಅಂಕಿ ಒಂದೊಂದು ಸಲ ಒಂದೊಂದು. 25 ಮಿಮೀ ಅಗಲದ ನೇರ ಪಟ್ಟಿ ಕತ್ತರಿಸಿ. ಜಿಗ್‌ಸಾ ಬೇಡ, ಅದರ ಬಿಸಿಗೆ ಅಂಚು ಕರಗಿ ಗಂಟು ಕಟ್ಟುತ್ತದೆ. ವಾಟರ್ ಜೆಟ್ಟಿನ ನೀರು ಪದರದೊಳಗೆ ನುಗ್ಗಿ ಬಿಡಿಸುತ್ತದೆ. ತಗಡು ಕತ್ತರಿಸುವ ಶಿಯರ್ ಹರಿತವಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಬೆಸುಗೆಯ ಗಟ್ಟಿತನಕ್ಕೆ ಟಿ-ಪೀಲ್, ಅಂದರೆ ಪದರಗಳನ್ನು ಟಿ ಆಕಾರದಲ್ಲಿ ಎರಡೂ ಕಡೆ ಎಳೆದು ಸುಲಿಯುವ ಪರೀಕ್ಷೆ, ಮಾಡುವುದಾದರೆ ಪೇರಿಸುವಾಗಲೇ ಮಧ್ಯದ ಪದರದ ಒಂದು ತುದಿಗೆ ಟೆಫ್ಲಾನ್ ಚೂರು ಇಡಿ, ಸುಲಿಯೋಕೆ ಬಾಯಿ ಬೇಕಲ್ಲ. ಅಂಕಿ ಹೆಚ್ಚಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏಟು ಬಿದ್ದಾಗ ಪದರಗಳು ಸ್ವಲ್ಪ ಬಿಟ್ಟುಕೊಂಡೇ ಶಕ್ತಿ ಹೀರುತ್ತವೆ. ಸೂಟ್‌ಕೇಸಿನಂಥ ಕೆಲಸಕ್ಕೆ ಬೆಸುಗೆ ಅತಿ ಗಟ್ಟಿಯಾದ ಹಾಳೆಗಿಂತ ನಡುಮಟ್ಟದ್ದನ್ನೇ ನಾನು ಆರಿಸುತ್ತೇನೆ.

ಇನ್ನು ಏಟಿನ ಪರೀಕ್ಷೆ. ಲೋಲಕದಿಂದ ಸಣ್ಣ ತುಂಡಿಗೆ ಏಟು ಕೊಡುವ ಐಝೋಡ್ ಪರೀಕ್ಷೆ ಹಾಕಿದರೆ ತುಂಡು ಮುರಿಯದೆ ಬಾಗಿ ನಿಲ್ಲುತ್ತದೆ, ಬರುವ ಅಂಕಿಯನ್ನು ಬೇರೆ ಪ್ಲಾಸ್ಟಿಕ್ ಜೊತೆ ಹೋಲಿಸುವಂತಿಲ್ಲ. ಐಎಸ್‌ಒ 6603ರ ಬೀಳುವ ತೂಕದ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಆ ಯಂತ್ರ ಇಲ್ಲ, ಹೊರಗೆ ಕೊಟ್ಟು ಮಾಡಿಸುತ್ತೇವೆ. ಕಳಿಸುವ ಮೊದಲು ಒಂದು ಕೆಲಸ. ಹಿಡಿಯುವ ಉಂಗುರದ ಒಳ ಅಂಚು ಬರುವ ಜಾಗಕ್ಕೆ ಮಾರ್ಕರಿನಲ್ಲಿ ಸುತ್ತ ಗೆರೆ ಎಳೆದು ಕಳಿಸಿ. ತೂಕ ಬಿದ್ದಾಗ ಈ ಹಾಳೆ ಉಂಗುರದೊಳಗಿಂದ ಜಾರಿ ನಡುವಿಗೆ ಎಳೆದುಕೊಳ್ಳುತ್ತದೆ. ಆ ಜಾರಿಕೆಗೆ ಖರ್ಚಾದ ಶಕ್ತಿಯೂ ಹಾಳೆಯ ಖಾತೆಗೇ ಜಮೆಯಾಗಿ ಅಂಕಿ ಉಬ್ಬುತ್ತದೆ. ತುಂಡು ವಾಪಸ್ ಬಂದಾಗ ಗೆರೆ ಎಲ್ಲಿದೆ ನೋಡಿ. ಒಳಗೆ ಸರಿದಿದ್ದರೆ ಆ ಅಂಕಿಯನ್ನು ಹೊಡೆದುಹಾಕಿ, ಉಂಗುರ ಬಿಗಿ ಮಾಡಿಸಿ, ಇನ್ನೊಂದು ತುಂಡು ಕೊಡಿ.